ಫೋನ್ ಕಂಪನಿಗೆ ಎಲೆ ಅಡಿಕೆ

ಒಂದು ಕಂಪನಿಯ ಮೊಬೈಲ್ ಬಿಟ್ಟು ಇನ್ನೊಂದು ಕಂಪನಿಯದು ತಗೊಳ್ಳೋದು ಏನು ಮಹಾ! ದಿನಾ ಎಷ್ಟೋ ಜನ ತಗೊಳ್ತಾರೆ. ಆದರೆ ಬಿಡುವ ಕಂಪನಿಯವರ ಮುಂದೆ ತಟ್ಟೆಯಲ್ಲಿ ಎಲೆ, ಅಡಿಕೆ, ಎರಡು ಬಾಳೆಹಣ್ಣು ಇಟ್ಟು, "ಹೋಗಿ ಬತ್ತೀನಪ್ಪ, ಮನಸ್ನಾಗೆ ಏನೂ ಇಟ್ಕೋಬ್ಯಾಡಿ" ಅಂತ ಹೇಳಿ, ಅವರ ಅಪ್ಪಣೆ ಪಡೆದೇ ಬಿಟ್ಟವಳು ಇಡೀ ದೇಶದಲ್ಲಿ ಒಬ್ಬಳೇ ಇರಬೇಕು. ಅವಳು ನಮ್ಮತ್ತೆ. ಬೇಕಾದರೆ ಪಂಥ ಕಟ್ಟಿ.

ಅತ್ತೆ ಅಂದರೆ ಗಂಡನ ತಾಯಿ ಅಂದುಕೊಂಡು ಅಯ್ಯೋ ಪಾಪ ಅನ್ನಬೇಡಿ. ನಮ್ಮಪ್ಪನ ಅಕ್ಕ, ಸೋದರತ್ತೆ. ಹಿಂದೂಪುರದಲ್ಲಿ ರೇಷ್ಮೆ ಸೀರೆ ನೇಯುತ್ತಾಳೆ. ಹೆಸರು ಬರೆದರೆ "ನನ್ನ ಹೆಸರು ಪೇಪರ್ನಾಗೆ ಹಾಕಿ ಬಜ್ಜಿ ಕಟ್ಟಿಸ್ತೀಯೇನೇ" ಅಂತ ಬೈಯುತ್ತಾಳೆ, ಆದ್ದರಿಂದ ಬರೆಯುವುದಿಲ್ಲ. ಅವರು ಇವರು ಅಂತ ಮರ್ಯಾದೆ ಕೊಟ್ಟು ಕರೆದರೂ ಕಷ್ಟ, ಯಾರೋ ಹಿಂದೆ ಬಂದು ನಿಂತಿದ್ದಾರೆ ಅಂತ ತಿರುಗಿ ನೋಡುತ್ತಾಳೆ. ಆದ್ದರಿಂದ ಅವಳು ಅಂತಲೇ ಬರೆಯುತ್ತೇನೆ, ನೀವು ತಪ್ಪು ತಿಳಿಯಬಾರದು.

ನಮ್ಮತ್ತೆಗೆ ಒಂದು ಜಂಬ ಇತ್ತು. ಒಂದೇ ಒಂದು, ಆದರೆ ದೊಡ್ಡದು. ಅವಳು ಮಗ್ಗದ ಗುಂಡಿಯಲ್ಲಿ ಕಾಲಿಟ್ಟ ದಿನದಿಂದ ಅವಳು ನೇಯ್ದ ಒಂದು ಸೀರೆಯೂ ವಾಪಸ್ ಬಂದಿರಲಿಲ್ಲ. ಬಣ್ಣ ಬಿಟ್ಟಿತು ಅಂತ ಇಲ್ಲ, ಜರಿ ಕಿತ್ತಿತು ಅಂತ ಇಲ್ಲ, ಅಂಚು ಸೊಟ್ಟ ಅಂತ ಇಲ್ಲ. ಮನೆಗೆ ಯಾರೇ ಬರಲಿ, ಕಾಫಿಗಿಂತ ಮೊದಲು ಈ ಮಾತು ಬರುತ್ತಿತ್ತು. ಒಂದು ಸಲ ಕರೆಂಟ್ ಬಿಲ್ಲು ಕೊಡಲು ಬಂದವನನ್ನೂ ನಿಲ್ಲಿಸಿಕೊಂಡು ಹೇಳಿದ್ದಳು. ಅವನು ಬಿಲ್ಲು ಕೊಟ್ಟು, "ನಮ್ಮ ಮೀಟರೂ ವಾಪಸ್ ಬರಲ್ಲಮ್ಮ" ಅಂತ ಹೇಳಿ ಹೋದನಂತೆ. ಅದಕ್ಕೂ ಬಹಳ ಖುಷಿಪಟ್ಟಳು.

ಇಂಥವಳಿಗೆ ಫೋನ್ ತಂದುಕೊಟ್ಟ ಪುಣ್ಯಾತ್ಮಳು ನಾನು. ಗೋರಂಟ್ಲದಲ್ಲಿ ಟೀಚರ್ ಕೆಲಸ ಸಿಕ್ಕಿತ್ತು, ಮೊದಲ ಸಂಬಳ ಕೈಗೆ ಬಂದಿತ್ತು. ಎಲ್ಲರ ಕೈಗೂ ಮೊಬೈಲ್ ಬರುತ್ತಿದ್ದ ಕಾಲ ಅದು. ಅಂಗಡಿಯವನು ಒಂದು ಹೊಸ ಮಾದರಿ ತೋರಿಸಿ, "ಮೇಡಂ, ಇದು ಸ್ಮಾರ್ಟ್ ಫೋನು. ಗುಂಡಿ ಒತ್ತೋ ಹಾಗೇ ಇಲ್ಲ, ಈ ಕಡ್ಡೀಲಿ ಮುಟ್ಟಿದ್ರೆ ಸಾಕು" ಅಂದ. ಫೋನಿನ ಬೆನ್ನಿಗೆ ಸಿಕ್ಕಿಸಿದ್ದ ಒಂದು ಪುಟ್ಟ ಕಡ್ಡಿ ಎಳೆದು ತೋರಿಸಿದ. ನಾನು ಮರುಳಾದೆ. ಕಂಪನಿಯ ಹೆಸರು ಬೇಡ ಬಿಡಿ, ಈಗ ಅದು ಇದೆಯೋ ಇಲ್ಲವೋ ಅದೂ ಗೊತ್ತಿಲ್ಲ.

ಅತ್ತೆ ಫೋನನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದಳು. ಕೇರಿಯ ಹದಿನಾಲ್ಕು ಮನೆಗೂ ಹೋಗಿ, "ನಮ್ಮ ಹುಡುಗಿ ಮೊದ್ಲು ಸಂಬಳ್ದಾಗೆ ತಂದವ್ಳೆ" ಅಂತ ತೋರಿಸಿ ಬಂದಳು. ಮೂರನೇ ದಿನಕ್ಕೆ ನಾನು ಹೋಗಿ ನೋಡಿದರೆ ಫೋನು ಗೂಡಿನಲ್ಲಿದೆ, ಕಡ್ಡಿ ಮಗ್ಗದ ಮೇಲಿದೆ. ಸಿಕ್ಕಾದ ಎಳೆ ಬಿಡಿಸುವುದಕ್ಕೆ ಅದರಷ್ಟು ಒಳ್ಳೆಯ ಕಡ್ಡಿ ಅವಳ ಜನ್ಮದಲ್ಲೇ ಸಿಕ್ಕಿರಲಿಲ್ಲವಂತೆ.

"ಅತ್ತೆ, ಅದಿಲ್ದೆ ಫೋನ್ ಹೆಂಗೆ ಮುಟ್ತೀಯ?"

"ಉಗುರಿಲ್ವೇನೇ ನಂಗೆ?"

ಅಲ್ಲಿಂದ ಮುಂದೆ ಎರಡು ತಿಂಗಳು ನಮ್ಮಿಬ್ಬರ ಮಾತುಕತೆ ಹೇಗೆ ನಡೆಯಿತು ಅಂತ ಕೇಳಿ. ದಿನಾ ಸಂಜೆ ಗೋರಂಟ್ಲದಿಂದ ಫೋನ್ ಮಾಡುತ್ತಿದ್ದೆ. ಮೊದಲ ಐದಾರು ನಿಮಿಷ ಎಲ್ಲಾ ಸರಿ. ಆಮೇಲೆ ಅವಳ ಉತ್ತರಗಳು ಒಂದೊಂದಾಗಿ ದಾರಿ ತಪ್ಪುತ್ತಿದ್ದವು. ಒಂದು ದಿನ, "ಅತ್ತೆ, ಸ್ಕೂಟಿಯಿಂದ ಬಿದ್ದೆ, ಮೊಣಕಾಲು ಕಿತ್ತೋಗಿದೆ" ಅಂದೆ. ಅತ್ತೆ ತಣ್ಣಗೆ, "ಒಳ್ಳೇದಾಯ್ತು ಬಿಡಮ್ಮ, ಇನ್ನೂ ಹೆಚ್ಚಾಗ್ಲಿ" ಅಂದಳು. ಇನ್ನೊಂದು ದಿನ ನಮ್ಮ ಹೆಡ್‌ಮಾಸ್ಟರು ಎಲ್ಲರ ಮುಂದೆ ನನ್ನನ್ನು ಬೈದರು ಅಂತ ಅತ್ತುಕೊಂಡು ಹೇಳಿದೆ. "ಅದಕ್ಕೇನಂತೆ, ಭಾನುವಾರ ಕರ್ಕೊಂಡು ಬಾ, ಒಬ್ಬಟ್ಟು ಮಾಡ್ತೀನಿ" ಅಂದಳು. ನನಗೆ ಅನುಮಾನ ಬರಬೇಕಿತ್ತು ತಾನೆ? ಬರಲಿಲ್ಲ. ಯಾಕೆಂದರೆ ನಮ್ಮತ್ತೆ ಮೊದಲಿನಿಂದಲೂ ಅಡ್ಡ ಮಾತಿನವಳೇ. ಎದುರಿಗೆ ಕೂತಿದ್ದರೂ ಇಂಥದ್ದೇ ಉತ್ತರ ಕೊಡುವ ಹೆಂಗಸು ಫೋನಿನಲ್ಲಿ ಕೊಟ್ಟರೆ ಯಾರಿಗೆ ಅನುಮಾನ ಬರುತ್ತದೆ, ನೀವೇ ಹೇಳಿ.

ಹೀಗಿರುವಾಗ ಕಲ್ಯಾಣದುರ್ಗದಿಂದ ಒಂದು ಮದುವೆ ಸೀರೆಗೆ ಹೇಳಿಕಳಿಸಿದರು. ಅಲ್ಲಿ ಕಡ್ಲೆಕಾಯಿ ವ್ಯಾಪಾರದ ಒಂದು ಮನೆ, ಮಗಳಿಗೆ ಬ್ರಹ್ಮಸಮುದ್ರದ ಕಡೆಯ ಹುಡುಗ. ಧಾರೆ ಸೀರೆ ನಮ್ಮತ್ತೆಯ ಕೈಯಲ್ಲೇ ಆಗಬೇಕು ಅಂತ ಹುಡುಗಿಯ ತಾಯಿ ಹಟ ಹಿಡಿದಿದ್ದರು. ಗಿಣಿ ಹಸಿರು ಒಡಲು, ಕೆಂಪು ಅಂಚು ಅಂತ ಮಾತಾಯಿತು. ಅತ್ತೆ ಮಗ್ಗಕ್ಕೆ ಹಾಸಿನ ಉದ್ದೆಳೆಗಳನ್ನು ಹೂಡುವ ಹಿಂದಿನ ದಿನ ಆಯಮ್ಮ ಮತ್ತೆ ಫೋನ್ ಮಾಡಿದರು. ಅಂಚಿನಲ್ಲಿ ಹಂಸ ಇರಬೇಕು, ಸೆರಗು ಇಷ್ಟುದ್ದ ಇರಬೇಕು ಅಂತ ಮಾತಾಡುತ್ತಾ ಮಾತಾಡುತ್ತಾ ಕೊನೆಯಲ್ಲಿ ಹೇಳಿದರಂತೆ: ಗಂಡಿನ ಕಡೆಯವರಲ್ಲಿ ಧಾರೆಗೆ ಹಸಿರು ಉಡಿಸುವುದಿಲ್ಲವಂತೆ, ಅರಿಸಿನ ಬಣ್ಣವೇ ಆಗಬೇಕಂತೆ, ದಯವಿಟ್ಟು ಬದಲಾಯಿಸಿ. ಅತ್ತೆ, "ಆಗ್ಲಮ್ಮ, ನೀವು ಹೇಳ್ದಂಗೇ ಮಾಡ್ತೀನಿ" ಅಂದಳು.

ಮಾಡಿದಳು. ಗಿಣಿ ಹಸಿರು, ಕೆಂಪು ಅಂಚು. ಎಂಥಾ ಸೀರೆ ಅಂತೀರಿ! ನಾನು ನೋಡಿದ್ದೇನೆ, ಗಿಣಿಯೇ ಬಂದು ನಾಚಿಕೊಳ್ಳಬೇಕು. ಸೀರೆ ಕಲ್ಯಾಣದುರ್ಗಕ್ಕೆ ಹೋಯಿತು, ನಾಲ್ಕನೇ ದಿನಕ್ಕೆ ವಾಪಸ್ ಬಂತು.

ವಿಷಯ ತಿಳಿದು ನಾನು ರಜಾ ಹಾಕಿ ಹಿಂದೂಪುರಕ್ಕೆ ಓಡಿದೆ. ಅತ್ತೆ ಅಳುತ್ತಾ ಮಲಗಿರುತ್ತಾಳೆ ಅಂದುಕೊಂಡಿದ್ದೆ. ಅವಳು ಏನು ಮಾಡಿದ್ದಳು ಗೊತ್ತೇ? ಆ ಸೀರೆಯನ್ನು ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ, ಹಗ್ಗ ಕಟ್ಟಿ ನೇತುಹಾಕಿದ್ದಳು! ಬಂದವರೆಲ್ಲ ಇದೇನಮ್ಮ ಅಂತ ಕೇಳಬೇಕು, ಇವಳು ಹೇಳಬೇಕು. ನಾನು ಹೋದಾಗ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು:

"ವಾಪಸ್ ಬಂದಿದ್ದು ಕಣಮ್ಮ ಇದು. ನನ್ನದೇ ತಪ್ಪು. ವಾಪಸ್ ಬಂದಿಲ್ಲ ಬಂದಿಲ್ಲ ಅಂತ ಎಲ್ರಿಗೂ ಹೇಳ್ಕೊಂಡು ಬಂದೆ. ಬಂತು ಅಂತ್ಲೂ ನಾನೇ ಹೇಳ್ಬೇಕಲ್ಲ."

ಲಾಳಿಗೆ ನೂಲು ಸುತ್ತಿಕೊಡುವ ಅತ್ತೆಯ ಗಂಡ, ನಮ್ಮ ಮಾವ, ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವನು ದಿನಕ್ಕೆ ಮೂರು ಮಾತಾಡಿದರೆ ಹೆಚ್ಚು. ಅವತ್ತು ಒಂದೇ ಮಾತಾಡಿದ. "ಇನ್ನು ಹದಿನೆಂಟು ದಿನ ಐತೆ ಮದ್ವೆಗೆ" ಅಂದ. ಅತ್ತೆ ಅರಿಸಿನ ಬಣ್ಣದ ಸೀರೆ ನೇಯ್ದು ಕೊಡುತ್ತೇನೆ ಅಂತ ಆ ಮನೆಗೆ ಮಾತು ಕೊಟ್ಟುಬಿಟ್ಟಿದ್ದಳು. ಬಣ್ಣ ಹಾಕಿಸಿ, ಹಾಸು ಹೂಡಿ, ನೇಯ್ದು ಮುಗಿಸುವುದಕ್ಕೆ ಹದಿನೆಂಟು ದಿನ ಅಂದರೆ ಉಸಿರಾಡಲು ಬಿಡುವಿಲ್ಲ. ಇದೂ ಸಕಾಲಕ್ಕೆ ಆಗದಿದ್ದರೆ ಅಷ್ಟು ವರ್ಷದ ಹೆಸರು ಮಣ್ಣುಪಾಲು.

ಸಂಜೆ ನನ್ನ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಸ್ಕೂಲಿಗೆ ಇನ್ನೂ ನಾಲ್ಕು ದಿನ ರಜಾ ಹೇಳಬೇಕಿತ್ತು, ಅತ್ತೆಯ ಫೋನು ತಗೊಂಡೆ. ಹೆಡ್‌ಮಾಸ್ಟರು ರಜಾ ಯಾಕೆ ಕೊಡಬಾರದು ಅನ್ನುವುದಕ್ಕೆ ಕಾರಣ ವಿವರಿಸುತ್ತಿದ್ದರು. ಫೋನು ಇಡ್ಲಿ ಪಾತ್ರೆಯ ಹಾಗೆ ಬೆಚ್ಚಗಾಯಿತು. ಟಕ್ಕಂತ ಆ ಕಡೆಯ ಸದ್ದು ನಿಂತಿತು. ನಾನು ಹಲೋ ಹಲೋ ಅಂದೆ. ಕಟ್ ಆಗಿರಲಿಲ್ಲ, ಸೆಕೆಂಡುಗಳು ಓಡುತ್ತಲೇ ಇದ್ದವು. ಲೈನ್ ಹೋಗಿದೆ ಅಂದುಕೊಂಡು, "ಈ ಮನುಷ್ಯ ಬಾಯಿ ಮುಚ್ಚೋದು ಯಾವಾಗ್ಲೋ" ಅಂತ ಮಾವನ ಕಡೆ ತಿರುಗಿ ಹೇಳಿದೆ. ನನ್ನ ಮಾತು ಆ ಕಡೆಗೆ ಚೆನ್ನಾಗಿ ಕೇಳಿಸುತ್ತಿತ್ತು ಅಂತ ಮಾರನೇ ವಾರ ಸ್ಕೂಲಿಗೆ ಹೋದಾಗ ತಿಳಿಯಿತು. ಅದು ಬೇರೆ ಕಥೆ, ಅದನ್ನು ಬರೆಯುವ ಧೈರ್ಯ ನನಗಿಲ್ಲ.

ಆಗ ತಲೆಗೆ ಹೊಳೆಯಿತು. ಐದಾರು ನಿಮಿಷ ಆದ ಮೇಲೆ ಈ ಫೋನಿಗೆ ಕಿವುಡು. ಈ ಕಡೆಯ ಮಾತು ಆ ಕಡೆ ಹೋಗುತ್ತೆ, ಆ ಕಡೆಯದು ಈ ಕಡೆ ಬರಲ್ಲ.

"ಅತ್ತೆ, ಅರಿಸಿನ ಬಣ್ಣ ಅಂತ ಆಯಮ್ಮ ಹೇಳಿದ್ದು ನಿಂಗೆ ಕೇಳಿಸ್ಲೇ ಇಲ್ವಾ?"

"ಸೀರೆ ಮಾತು ಮುಗೀತು, ಇನ್ನು ಕಡ್ಲೆಕಾಯಿ ಮಾತು ಅನ್ಕೊಂಡು ಆಗ್ಲಮ್ಮ ಅಂದ್ಬುಟ್ಟೆ. ಟವರ್ ಇರ್ಲಿಲ್ಲ ಕಣೇ. ನಮ್ಮ ಕೇರಿಗೆ ಟವರ್ ಬರೋದೇ ಕಷ್ಟ" ಅಂದಳು, ಮುಖ ಬೇರೆ ಕಡೆ ತಿರುಗಿಸಿ.

ನಾನು ಕುಣಿದಾಡಿಬಿಟ್ಟೆ. ತಪ್ಪು ನಿನ್ನದಲ್ಲ, ಫೋನಿನದು, ಮೊದಲು ಆ ಸೀರೆ ಇಳಿಸು ಅಂದೆ. ಅತ್ತೆ ಇಳಿಸಲಿಲ್ಲ. "ಫೋನ್ ನೇಯ್ತೇನೇ ಸೀರೇನ?" ಅಂತ ಕೇಳಿದಳು.

ಹೊಸ ಹಾಸು ಹೂಡಿ ಆದ ಮೇಲೆ ಸರ್ವಿಸ್ ಸೆಂಟರಿಗೆ ಹೋದೆವು. ಬಜಾರಿನಲ್ಲಿ ಮಹಡಿ ಮೇಲೆ ಒಂದು ಕೋಣೆ, ಕೌಂಟರಿನಲ್ಲಿ ಒಬ್ಬ ಹೆಣ್ಣುಮಗಳು, ಒಳಗೆ ರಿಪೇರಿ ಮಾಡುವವನು. ಆಕೆ ಫೋನು ತಿರುಗಿಸಿ ನೋಡಿ ಮೊದಲು ಕೇಳಿದ್ದು ಕಡ್ಡಿ ಎಲ್ಲಿ ಅಂತ. ಅತ್ತೆ ಸೊಂಟದಿಂದ ತೆಗೆದುಕೊಟ್ಟಳು, ತುದಿಯಲ್ಲಿ ಅರಿಸಿನ ಬಣ್ಣದ ರೇಷ್ಮೆ ಎಳೆ ಸುತ್ತಿಕೊಂಡಿತ್ತು. ಮೂರು ದಿನ ಬಿಟ್ಟು ಬನ್ನಿ ಅಂದರು. ಮೂರು ದಿನ ಬಿಟ್ಟು ಹೋದರೆ, ಫೋನ್ ಸರಿಯಾಗಿದೆ, ಯಾವ ದೋಷವೂ ಇಲ್ಲ ಅಂತ ಒಂದು ಚೀಟಿ ಅಂಟಿಸಿ ಕೊಟ್ಟರು.

"ಎಷ್ಟೊತ್ತು ಮಾತಾಡಿ ನೋಡಿದ್ರಮ್ಮ?" ಅತ್ತೆ ಕೇಳಿದಳು.

"ಒಂದು ನಿಮಿಷ ಟೆಸ್ಟ್ ಮಾಡ್ತಾರಮ್ಮ."

"ಒಂದು ಮೊಳ ಬಿಚ್ಚಿ ನೋಡಿ ಇಡೀ ಸೀರೆ ಚೆಂದಾಗೈತೆ ಅನ್ನೋ ಜಾತಿ ನೀವು. ಕರೀ ಒಳಗಿರೋನ್ನ."

ರಿಪೇರಿಯವನು ಹೊರಗೆ ಬಂದ. ನಲವತ್ತು ದಾಟಿದ ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ. ಅತ್ತೆ ತನ್ನ ಫೋನನ್ನು ಅವನ ಕಿವಿಗೆ ಕೊಟ್ಟಳು, ನನ್ನ ಫೋನು ತಗೊಂಡು ಮೆಟ್ಟಿಲಿಳಿದು ರಸ್ತೆಗೆ ಹೋದಳು. ಅಲ್ಲಿಂದ ಅವನಿಗೆ ಫೋನ್ ಮಾಡಿ ಮಾತಾಡಲು ಶುರುಮಾಡಿದಳು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಏನು ಮಾತಾಡುತ್ತಿದ್ದಾಳೆ ಅಂತ ಅವನನ್ನು ಕೇಳಿದರೆ, "ನನ್ನ ಊರು, ಕುಲ, ಮಕ್ಕಳು ಎಲ್ಲಾ ಕೇಳಿ ಆಯ್ತು, ಈಗ ಮದುವೆಗೆ ಕರೀತಿದಾರೆ" ಅಂದ. ಕಾಯುತ್ತಿದ್ದ ಗಿರಾಕಿಗಳೂ ಕಿಟಕಿಗೆ ಬಂದರು. ಆರನೇ ನಿಮಿಷಕ್ಕೆ ಅವನು ಹಲೋ ಹಲೋ ಅನ್ನತೊಡಗಿದ. ಕೆಳಗೆ ಅತ್ತೆಯ ಬಾಯಿ ಆಡುತ್ತಲೇ ಇತ್ತು, ಕೈ ಆಡುತ್ತಲೇ ಇತ್ತು. ಕೌಂಟರಿನವಳು ಚೀಟಿಯನ್ನು ಮೆಲ್ಲಗೆ ಕಿತ್ತು ಮಡಿಚಿಟ್ಟಳು.

ಅತ್ತೆ ಮೇಲೆ ಬಂದಾಗ ಅವನು ದನಿ ತಗ್ಗಿಸಿ, "ಈ ಮಾಡೆಲ್ಲಿಗೇ ಈ ರೋಗ ಇದೆಯಮ್ಮ. ಕಂಪನಿ ಒಪ್ಪಲ್ಲ" ಅಂದ.

"ಕಂಪನಿ ನಂಗೆ ಕಾಣ್ಸಲ್ಲಪ್ಪ. ನೀನು ಕಾಣಿಸ್ತಿದೀಯ. ನೀನು ಒಪ್ತೀಯಾ?"

ಅವನು ಕನ್ನಡಕ ತೆಗೆದು ಒರೆಸಿದ. ಆಮೇಲೆ ತೆಲುಗಿನಲ್ಲಿ, "ತಪ್ಪು ಮಾದೇನಮ್ಮಾ" ಅಂದ. ತಪ್ಪು ನಮ್ಮದೇ ಅಂತ, ಎಲ್ಲರಿಗೂ ಕೇಳಿಸುವ ಹಾಗೆ. ಅವನಿಗೆ ಅದರಿಂದ ಏನೂ ಲಾಭವಿರಲಿಲ್ಲ. ಕೆಲಸಕ್ಕೆ ಕುತ್ತು ಬರಬಹುದಿತ್ತು.

ಆಗ ನಮ್ಮತ್ತೆ ಚೀಲದಿಂದ ಒಂದು ಸ್ಟೀಲ್ ತಟ್ಟೆ ತೆಗೆದಳು. ಎಲೆ, ಅಡಿಕೆ, ಬಾಳೆಹಣ್ಣು! ಕೌಂಟರಿನ ಮೇಲೆ, ಟೋಕನ್ ಪುಸ್ತಕದ ಪಕ್ಕದಲ್ಲಿ ಇಟ್ಟಳು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಇದು ನಮ್ಮ ಕೇರಿಯ ರೂಢಿ, ನಿಮಗೆ ಹೇಳಬೇಕು. ಮಗ್ಗ ನಮ್ಮದಾದರೂ ರೇಷ್ಮೆ ನೂಲು ಕೊಡುವವರು ಸಾವುಕಾರರು. ಒಬ್ಬ ಸಾವುಕಾರರನ್ನು ಬಿಟ್ಟು ಇನ್ನೊಬ್ಬರ ನೂಲು ಹಿಡಿಯಬೇಕಾದರೆ ಸುಮ್ಮನೆ ಬಿಡುವ ಹಾಗಿಲ್ಲ. ಮಗ್ಗದ ಮೇಲಿರುವ ಹಾಸು ಪೂರ್ತಿ ನೇಯ್ದು ಕೊಡಬೇಕು, ತಟ್ಟೆಯಲ್ಲಿ ತಾಂಬೂಲ ಇಟ್ಟು ಹೋಗಿ ಬರುತ್ತೇನೆ ಅನ್ನಬೇಕು. ಅವರು ಅದರಲ್ಲಿ ಒಂದು ಎಲೆ ಎತ್ತಿ ನಮ್ಮ ಕೈಗೆ ವಾಪಸ್ ಕೊಟ್ಟರೆ ಅಪ್ಪಣೆ ಆಯಿತು ಅಂತ. ಆ ಎಲೆ ಇಲ್ಲದೆ ಬಂದವರನ್ನು ಓಡಿಬಂದವರು ಅನ್ನುತ್ತಾರೆ, ಬೇರೆ ಯಾರೂ ನೂಲು ಕೊಡುವುದಿಲ್ಲ. ಅತ್ತೆ ಹರೆಯದಲ್ಲಿ ಒಬ್ಬ ಸಾವುಕಾರರನ್ನು ಬಿಟ್ಟಿದ್ದಳು, ಅವರ ನೂಲು ಪದೇ ಪದೇ ಕಡಿಯುತ್ತಿತ್ತು ಅಂತ. ಆದರೂ ತಾಂಬೂಲ ಇಟ್ಟೇ ಬಂದಿದ್ದಳು. ಫೋನ್ ಕಂಪನಿಗೆ ಬೇರೆ ಕಾನೂನು ಇದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ, ನಾನು ಹೇಳಿದ್ದರೂ ಕೇಳುತ್ತಿರಲಿಲ್ಲ.

"ಏಂಟಮ್ಮಾ ಇದಿ?" ಅಂದಳು ಕೌಂಟರಿನವಳು, ಇದೇನಮ್ಮ ಅಂತ.

"ನಿಮ್ಮ ಕಂಪನಿ ಬುಟ್ಟು ಬೇರೆ ಕಂಪನಿ ಫೋನ್ ತಗೋತೀನಿ ಕಣಮ್ಮ. ಹೇಳಿ ಹೋಗೋಣ ಅಂತ ಬಂದೆ."

ಆಕೆ ಕಂಪ್ಯೂಟರಿನ ಕಡೆ ನೋಡಿದಳು, ಅದರಲ್ಲಿ ಇದಕ್ಕೆ ಒತ್ತುವ ಗುಂಡಿ ಇರಲಿಲ್ಲ. ಆದರೆ ಆ ರಿಪೇರಿ ಮನುಷ್ಯ ಮುಂದೆ ಬಂದ. ಅವನ ತಾತನೂ ಮಗ್ಗದವರಂತೆ, ಆಮೇಲೆ ಹೇಳಿದ. ತಟ್ಟೆಗೆ ಕೈ ಮುಗಿದು ಒಂದು ಎಲೆ ತೆಗೆದು ಎರಡೂ ಕೈಯಲ್ಲಿ ಅತ್ತೆಗೆ ಕೊಟ್ಟು, "ಪೋಯಿ ರಾ ಅಮ್ಮಾ" ಅಂದ. ಹೋಗಿ ಬಾ ಅಂತ. ಅತ್ತೆ ಎಲೆಯನ್ನು ಕಣ್ಣಿಗೆ ಒತ್ತಿಕೊಂಡಳು. ಕಾಯುತ್ತಿದ್ದವರೆಲ್ಲ ತಮಗೆ ಗೊತ್ತಿಲ್ಲದೆ ಎದ್ದು ನಿಂತಿದ್ದರು. ನಾನು ಮಾತ್ರ ನಾಚಿಕೆಯಲ್ಲಿ ಗೋಡೆ ನೋಡುತ್ತಿದ್ದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುವುದು ನನ್ನ ಬಗ್ಗೆ.

ಅಲ್ಲಿಂದ ನೇರವಾಗಿ ಬೇರೆ ಕಂಪನಿಯ ಅಂಗಡಿ. ಅಂಗಡಿಯವನು ಬಣ್ಣ, ಕ್ಯಾಮರಾ, ಹಾಡು ಅಂತ ಏನೇನೋ ತೋರಿಸಿದ. ಅತ್ತೆ, "ಮುಂದುಗಡೆ ಎಲ್ಲಾ ಚೆಂದಾಗೇ ಇರ್ತೈತೆ, ಒಳಮಗ್ಗುಲು ತೋರಿಸು" ಅಂದಳು. ಸೀರೆಯನ್ನು ಅವಳು ಯಾವಾಗಲೂ ಹಿಂದುಮುಂದು ಮಾಡಿ ಒಳಮಗ್ಗುಲಿನಿಂದಲೇ ನೋಡುವುದು. ಅವನು ಗೊಣಗುತ್ತಾ ಮುಚ್ಚಳ ತೆಗೆದ. ಅತ್ತೆ ಒಳಗೆ ಏನು ಕಂಡಳೋ ದೇವರಿಗೇ ಗೊತ್ತು, ಗಂಭೀರವಾಗಿ ತಲೆದೂಗಿದಳು. ನಾನು ಬೀದಿಯ ಕೊನೆಗೆ ಹೋಗಿ ನಿಂತು ಅವಳ ಜೊತೆ ಹದಿನೈದು ನಿಮಿಷ ಫೋನಿನಲ್ಲಿ ಮಾತಾಡಬೇಕಾಯಿತು. ಏನು ಮಾತಾಡೋದು? ಮಗ್ಗಿ ಹೇಳಿದೆ. ಹದಿಮೂರರ ಮಗ್ಗಿಯಲ್ಲಿ ಒಂದು ಕಡೆ ತಪ್ಪು ಹೇಳಿದೆ, ಅಲ್ಲಿಂದಲೇ ತಿದ್ದಿದಳು. ಫೋನ್ ಪಾಸಾಯಿತು, ಟೀಚರು ಫೇಲು.

ಹದಿನೇಳನೇ ದಿನ ಸೀರೆ ಮಗ್ಗದಿಂದ ಇಳಿಯಿತು. ಫೋನಿನ ಈ ಓಡಾಟ ಬಿಟ್ಟರೆ ಅಷ್ಟು ದಿನವೂ ಅತ್ತೆ ಊಟಕ್ಕೆ ಏಳುವುದನ್ನೂ ಮರೆತಿದ್ದಳು, ಮಾವ ತುತ್ತು ಕಲಸಿ ಮಗ್ಗದ ಹತ್ತಿರವೇ ಕೊಡುತ್ತಿದ್ದ. ಅವಳ ಕಾಲು ಬಾತಿತ್ತು, ಕಣ್ಣು ಕೆಂಪಗಿತ್ತು. ಸೀರೆ ಮಾತ್ರ ಆಗತಾನೆ ಅರೆದ ಅರಿಸಿನದ ಹಾಗೆ ಇತ್ತು. ಮಾರನೇ ದಿನ ನಾನೂ ಅವಳೂ ಎರಡು ಬಸ್ಸು ಹತ್ತಿ ಇಳಿದು, ಕೊನೆಗೆ ಒಂದು ಜೀಪಿನಲ್ಲಿ ಜನರ ಮಧ್ಯೆ ಸಿಕ್ಕಿಕೊಂಡು ಮದುವೆ ಮನೆ ಸೇರಿದೆವು.

ಬಾಗಿಲಲ್ಲೇ ಹುಡುಗಿಯ ತಾಯಿ ಓಡಿಬಂದು, ಅತ್ತೆಯ ಕಿವಿಯ ಹತ್ತಿರ ಬಾಯಿ ತಂದು, "ಬಂದ್ರಾಆಆ? ಊಟ ಆಯ್ತಾಆಆ?" ಅಂತ ಕಿರುಚಿದರು. ನಾನು ಬೆಚ್ಚಿಬಿದ್ದೆ. ಅತ್ತೆ ಕೈಯನ್ನು ಕಿವಿಗೆ ಆನಿಸಿಕೊಂಡು, "ಆಂ? ಏನಂದ್ರಮ್ಮ?" ಅಂದಳು. ಮದುವಣಗಿತ್ತಿ ಬಂದು ಸೀರೆ ಬಿಚ್ಚಿ ನೋಡಿ, ಕಣ್ಣಲ್ಲಿ ನೀರು ತುಂಬಿಕೊಂಡು, ಅವಳೂ ಕಿರುಚಿದಳು: "ತುಂಬಾ ಚೆನ್ನಾಗಿದೇಏಏ!" ಅತ್ತೆ ನಗುತ್ತಾ, ಅರ್ಧ ಕೇಳಿಸಿದವಳ ಹಾಗೆ ತಲೆಯಾಡಿಸಿದಳು.

ಆ ತಾಯಿ ನನ್ನನ್ನು ಅಡುಗೆ ಮನೆಗೆ ಕರೆದು ಹೇಳಿದರು. "ಪಾಪ ಕಣಮ್ಮ, ನಿಮ್ಮತ್ತೆಗೆ ಎರಡು ಕಿವೀನೂ ಮಂದ ಆಗ್ಬುಟ್ಟೈತಂತೆ. ಸೀರೆ ವಾಪಸ್ ತಗೊಳ್ವಾಗ ಹೇಳಿದ್ರು. ಫೋನ್ ಕೆಟ್ಟೈತಾ ಅಂತ ನಾನೇ ಕೇಳ್ದೆ. ಇಲ್ಲಮ್ಮ, ಫೋನ್ ಬಂಗಾರದಂಗೈತೆ, ನಮ್ಮ ಹುಡುಗಿ ಮೊದ್ಲು ಸಂಬಳ್ದಾಗೆ ಕೊಡ್ಸವ್ಳೆ, ನನ್ನ ಕಿವೀನೇ ಹೋಗೈತೆ ಅಂದ್ರು."

ಕಿವಿ ಮಂದವಂತೆ! ಮೂರು ಮನೆಯಾಚೆಯ ಮಗ್ಗದಲ್ಲಿ ಒಂದು ಎಳೆ ಕಡಿದರೆ ಸದ್ದಿನಲ್ಲೇ ತಿಳಿದು, ಇಲ್ಲಿಂದಲೇ ನಿಲ್ಲಿಸಿರಪ್ಪಾ ಅಂತ ಕೂಗುವ ಹೆಂಗಸು ಅವಳು. ನಾನು ಅಲ್ಲೇ ಹಿಟ್ಟಿನ ಡಬ್ಬದ ಪಕ್ಕ ಕೂತುಬಿಟ್ಟೆ. ಟವರ್ ಇಲ್ಲ ಅಂದಿದ್ದೂ ಸುಳ್ಳು. ಮೊದಲ ವಾರದಿಂದಲೇ ಅವಳಿಗೆ ಗೊತ್ತಿತ್ತು. ಎರಡು ತಿಂಗಳು, ದಿನಾ ಸಂಜೆ, ಏನೂ ಕೇಳಿಸದ ಫೋನನ್ನು ಕಿವಿಗೆ ಹಿಡಿದುಕೊಂಡು, ನಾನು ಇಡುವವರೆಗೂ ನನಗೆ ಒಳ್ಳೆಯ ಮಾತಾಡುತ್ತಿದ್ದಳು.

ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ. "ಯಾಕತ್ತೆ ಹಿಂಗೆ ಮಾಡ್ದೆ? ಇಷ್ಟು ವರ್ಷದ ಹೆಸರು ಕಣತ್ತೆ ಅದು. ಫೋನ್ ಕೆಟ್ಟಿತ್ತು ಅಂದಿದ್ರೆ ಮುಗೀತಿತ್ತಲ್ಲ."

ಅವಳು ನನಗೆ ಕಡ್ಲೆಕಾಯಿ ಬಿಡಿಸಿ ಕೊಡುತ್ತಿದ್ದಳು. "ಕುಂದು ಐತೆ ಅಂತ ಮಾಡಿದೋನ ಹತ್ರ ಹೇಳ್ಬೇಕು, ಹೇಳಿ ಬಂದೆ. ಕೊಟ್ಟೋಳ ಹೆಸರು ಹೇಳಿ ನಾಕು ಜನದ ಮುಂದೆ ಹೇಳ್ತಾರೇನೇ? ತಿನ್ನು, ಬಸ್ಸು ಬತ್ತೈತೆ" ಅಂದಳು.

ಇನ್ನೊಂದು ಹೇಳಿದರೆ ನಂಬುತ್ತೀರೋ ಇಲ್ಲವೋ. ಕಲ್ಯಾಣದುರ್ಗದ ಆ ಮನೆಯವರು ಆಮೇಲೂ ನಮ್ಮತ್ತೆಯ ಹತ್ತಿರವೇ ಸೀರೆ ನೇಯಿಸಿಕೊಳ್ಳುತ್ತಿದ್ದಾರೆ. ಬಾಣಂತನಕ್ಕೆ, ನಾಮಕರಣಕ್ಕೆ, ಎರಡನೇ ಮಗಳ ಮದುವೆಗೆ, ಎಲ್ಲಕ್ಕೂ ಅವಳೇ ಬೇಕು. ಇವಳು ಸೀರೆ ತಗೊಂಡು ಹೋದಾಗಲೆಲ್ಲ ಆ ಮನೆಯ ಮಕ್ಕಳು ಮರಿಯೂ ಸೇರಿ ಕಿವಿಯ ಹತ್ತಿರ ಬಂದು ಕಿರುಚುತ್ತಾರೆ. ಇವತ್ತಿಗೂ ನಮ್ಮತ್ತೆ ಅಲ್ಲಿ ಹೊಸಿಲು ದಾಟಿದ ಕೂಡಲೇ ಕೈಯನ್ನು ಕಿವಿಗೆ ಆನಿಸಿಕೊಂಡು, "ಆಂ?" ಅನ್ನುತ್ತಾಳೆ.